ಹಿಂದಿನ ಚಕ್ರಕ್ಕೆ ನಲವತ್ತು ಕಡ್ಡಿ

ಸೈಕಲ್ಲು ಎಷ್ಟನೇ ಇಸವಿಯದು ಎಂದು ಮಾಲೀಕರನ್ನು ಕೇಳಿ ನೋಡಿ. ಅಜ್ಜನ ಮದುವೆ ಯಾವಾಗ ಆಯಿತು, ಅಪ್ಪನಿಗೆ ಮಾಸ್ತರಿಕೆ ಯಾವಾಗ ಸಿಕ್ಕಿತು ಎಂದು ಲೆಕ್ಕ ಹಾಕಿ ಒಂದು ಅಂದಾಜು ಹೇಳುತ್ತಾರೆ. ಅದೇ ಮಾತನ್ನು ಮಿಸ್ತ್ರಿಗೆ ಕೇಳಿದರೆ ಅವರು ಮೊದಲು ಕುಕ್ಕರುಗಾಲಲ್ಲಿ ಕೂತು, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಹಿಂದಿನ ಚಕ್ರದ ಹಬ್ ಒರೆಸುತ್ತಾರೆ. ಧಾರವಾಡದ ಶಾಲೆಯೊಂದರ ಮೈದಾನದಲ್ಲಿ ಈಚೆಗೆ ನಡೆದ ಹಳೆ ಸೈಕಲ್ಲುಗಳ ಪ್ರದರ್ಶನದಲ್ಲಿ ಒಬ್ಬ ಹಿರಿಯ ಮಿಸ್ತ್ರಿ ಹಾಗೆ ಒರೆಸುವುದನ್ನು ಪಕ್ಕದಲ್ಲೇ ನಿಂತು ನೋಡಿದೆ. ಹಸಿರು ಬಣ್ಣದ ರ‍್ಯಾಲಿ ಸೈಕಲ್ಲು ಅದು. ಗ್ರೀಸಿನ ಕರಿ ಬಿಟ್ಟುಕೊಂಡ ಹಾಗೆಲ್ಲ ಮೊದಲು ‘ಸ್ಟರ್ಮಿ ಆರ್ಚರ್’ ಎಂಬ ಹೆಸರು ಮೂಡಿತು. ಆಮೇಲೆ ‘ಎ ಡಬ್ಲ್ಯೂ’ ಎಂಬ ಎರಡು ಅಕ್ಷರ, ಅದರ ಪಕ್ಕ ಸಣ್ಣದಾಗಿ 54, ಅದರ ಪಕ್ಕ 6.

“1954ರ ಜೂನ್ ತಿಂಗಳದ ಮಾಲು ನೋಡ್ರಿ ಇದು,” ಎಂದು ಮಿಸ್ತ್ರಿ ಅದರ ಮಾಲೀಕರಿಗೆ ಹೇಳಿದರು. “ನಿಮ್ಮ ಅಜ್ಜಾರು ನಲವತ್ತೇಳರಾಗ ತಗೊಂಡಿದ್ರು ಅಂತೀರಿ. ಇಲ್ಲಾ ಹಬ್ ಆಮ್ಯಾಲ ಬದಲಿ ಆಗೇದ, ಇಲ್ಲಾ ಸೈಕಲ್ಲೇ ಆಮ್ಯಾಲ ಬಂದದ. ಫ್ರೇಮಿನ ನಂಬರ್ ನೋಡಿ ಹೇಳ್ತೀನಿ, ತಡೀರಿ.” ಸೀಟಿನ ಕೆಳಗಿನ ಲಗ್ಗನ್ನು ಒರೆಸಲು ಬಟ್ಟೆ ಮತ್ತೆ ಸೀಮೆಎಣ್ಣೆಯ ಡಬ್ಬಿಗೆ ಹೋಯಿತು.

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ತಯಾರಾದ ಈ ಹಬ್ಬುಗಳ ಮೇಲೆ ತಿಂಗಳು, ವರ್ಷ ಅಚ್ಚಾಗಿರುತ್ತವೆ. ಆ ಉಕ್ಕಿನ ಡಬ್ಬಿಯೊಳಗೆ ಮೂರು ಗೇರುಗಳಿವೆ. ನಡುವೆ ಒಂದು ಸ್ಥಿರವಾದ ಹಲ್ಲುಗಾಲಿ, ಅದರ ಸುತ್ತ ತಿರುಗುವ ಸಣ್ಣ ಗಾಲಿಗಳು, ಅವೆಲ್ಲವನ್ನೂ ಬಳಸಿ ಹೊರಗೊಂದು ಹಲ್ಲಿನ ಬಳೆ. ಸೂರ್ಯನ ಸುತ್ತ ಗ್ರಹಗಳು ಸುತ್ತುವ ಕ್ರಮವಾದ್ದರಿಂದ ಎಂಜಿನಿಯರುಗಳು ಈ ಗಾಲಿಗಳನ್ನು ಹಾಗೆಯೇ ಸೂರ್ಯ, ಗ್ರಹ ಎಂದು ಕರೆಯುತ್ತಾರೆ. ನಡುವಿನ ಗೇರಿನಲ್ಲಿ ಚೈನು ಎಳೆದಷ್ಟೇ ಚಕ್ರ ತಿರುಗುತ್ತದೆ. ಮೇಲಿನ ಗೇರಿಗೆ ಹಾಕಿದರೆ ಅದರ ಮೂರನೇ ಒಂದು ಪಾಲು ಹೆಚ್ಚು, ಕೆಳಗಿನದಕ್ಕೆ ಹಾಕಿದರೆ ನಾಲ್ಕನೇ ಒಂದು ಪಾಲು ಕಡಿಮೆ. ಹ್ಯಾಂಡಲ್ಲಿನ ಬಲಬದಿಯಲ್ಲಿ ಬೆರಳ ತುದಿಗೆ ಸಿಗುವ ಸಣ್ಣ ಕೀಲಿ, ಅದರಿಂದ ಹಿಂದಿನ ಚಕ್ರದ ತನಕ ಓಡುವ ಒಂದು ತಂತಿ, ಹಬ್ಬಿನ ಮೈಮೇಲೆ ಎಣ್ಣೆ ಬಿಡಲು ಒಂದು ಪುಟ್ಟ ಮುಚ್ಚಳ. ಹೊರಗೆ ಕಾಣುವುದು ಇಷ್ಟೇ.

ಈ ಗೇರಿನ ಬೆಲೆ ಗೊತ್ತಾಗಬೇಕಾದರೆ ಧಾರವಾಡದಂಥ ಊರೇ ಬೇಕು. ಇಲ್ಲಿ ಸಪಾಟಾದ ರಸ್ತೆ ಅಪರೂಪ. ಕಾಲೇಜಿಗೆ ಹೋಗುವುದೂ ಏರು, ಪೇಟೆಗೆ ಹೋಗುವುದೂ ಏರು, ಮನೆಗೆ ಬರುವಾಗ ಇನ್ನೊಂದು ಏರು. ಒಂದೇ ಗೇರಿನ ಸೈಕಲ್ಲಿನವರು ಏರಿನ ಅರ್ಧಕ್ಕೆ ಇಳಿದು, ಹ್ಯಾಂಡಲ್ ಹಿಡಿದು ತಳ್ಳುತ್ತ ನಡೆಯುವುದು ಈ ಊರಿನ ಹಳಬರ ಕಣ್ಣಿಗೆ ಕಟ್ಟಿದ ದೃಶ್ಯ. ಅವರ ಪಕ್ಕದಲ್ಲೇ ಗೇರಿನ ಸೈಕಲ್ಲಿನ ಒಬ್ಬ ವಕೀಲರೋ ಪ್ರೊಫೆಸರರೋ ಟಿಕ್ ಎಂದು ಕೀಲಿ ಒತ್ತಿ, ಕೂತಲ್ಲಿಂದಲೇ ಏರಿ ಹೋಗುತ್ತಿದ್ದರಂತೆ. ಪ್ರದರ್ಶನಕ್ಕೆ ಬಂದಿದ್ದ ಎಂಬತ್ತು ದಾಟಿದ ಹಿರಿಯರೊಬ್ಬರು ಆ ಟಿಕ್ ಸದ್ದನ್ನು ಬಾಯಲ್ಲಿ ಮಾಡಿ ತೋರಿಸಿದರು. ಗೇರಿನ ಸೈಕಲ್ಲು ಅವರ ಮನೆಗೆ ಬರಲೇ ಇಲ್ಲ. ಸದ್ದು ಮಾತ್ರ ನೆನಪಿನಲ್ಲಿ ಉಳಿದಿದೆ.

ಮೈದಾನದ ಬೇವಿನ ಮರಗಳ ಸಾಲಿಗೆ ಸೈಕಲ್ಲುಗಳನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿದ್ದರು. ಹತ್ತಿರ ಹೋದರೆ ಮೊದಲು ಕಣ್ಣಿಗೆ ಬೀಳುವುದು ಹ್ಯಾಂಡಲ್ಲಿನ ಕೆಳಗಿನ ಬಿಲ್ಲೆ. ರ‍್ಯಾಲಿಗೆ ಕೊಕ್ಕರೆಯ ತಲೆ. ರಡ್ಜ್‌ಗೆ ಬಿಚ್ಚಿದ ಅಂಗೈ. ಬಿಎಸ್‌ಎಗೆ ಒಂದಕ್ಕೊಂದು ಆನಿಸಿಟ್ಟ ಮೂರು ಬಂದೂಕು. ಬಿಎಸ್‌ಎ ಅಂದರೆ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್. 1861ರಲ್ಲಿ ಆ ಊರಿನ ಬಂದೂಕು ಕಮ್ಮಾರರು ಸೇರಿ ಕಟ್ಟಿದ ಕಂಪನಿ. ಯುದ್ಧವಿಲ್ಲದ ವರ್ಷಗಳಲ್ಲಿ ಬಂದೂಕಿಗೆ ಗಿರಾಕಿ ಇಲ್ಲದಾಗ ಅದೇ ಯಂತ್ರಗಳು, ಅದೇ ಕೈಗಳು ಸೈಕಲ್ಲಿನ ಕೆಲಸಕ್ಕೆ ಬಂದವು. ಎರಡನೇ ಮಹಾಯುದ್ಧದಲ್ಲಿ ಇದೇ ಕಂಪನಿ ಎರಡು ಚಿಟ್ಟೆ ನಟ್ಟು ಸಡಿಲಿಸಿದರೆ ಮಡಚಿಕೊಳ್ಳುವ ಸೈಕಲ್ಲು ಮಾಡಿತು. ಪ್ಯಾರಾಚೂಟಿನಲ್ಲಿ ಇಳಿಯುವ ಸೈನಿಕರ ಜತೆಗೆ ಅದೂ ಇಳಿಯುತ್ತಿತ್ತು.

ಹಂಬರ್ ಸೈಕಲ್ಲನ್ನು ಬಿಲ್ಲೆ ನೋಡದೆಯೇ ಗುರುತಿಸಬಹುದು. ಮುಂದಿನ ಚಕ್ರ ಹಿಡಿಯುವ ಫೋರ್ಕಿಗೆ ಎರಡೂ ಬದಿಯಲ್ಲಿ ಜೋಡಿ ಜೋಡಿ ಕೊಳವೆ. ಒಂದೇ ಸಾಕಾಗುವಲ್ಲಿ ಎರಡು ಯಾಕೆ ಎಂದು ಒಬ್ಬ ಹುಡುಗ ಕೇಳಿದ. “ಚಂದ ಕಾಣ್ಲಿ ಅಂತ,” ಎಂದರು ಅದರ ಮಾಲೀಕರು. ಬಲವೂ ಇದೆ, ಆದರೆ ಆ ಉತ್ತರದಲ್ಲಿ ತಪ್ಪೇನೂ ಇಲ್ಲ. ಚೈನಿನ ಗಾಲಿಯನ್ನೇ ನೋಡಿ. ಹಲ್ಲುಗಳನ್ನು ನಡುವಿನ ಇರುಸಿಗೆ ಜೋಡಿಸಲು ನಾಲ್ಕು ಕಾಲು ಸಾಕಿತ್ತು. ರ‍್ಯಾಲಿಯವರು ಅಲ್ಲಿಯೂ ಕೊಕ್ಕರೆಯ ತಲೆಗಳನ್ನು ಕತ್ತರಿಸಿ ಕೂರಿಸಿದರು, ರಡ್ಜ್‌ನವರು ಅಂಗೈ ಇಟ್ಟರು. ಪೆಡಲ್ ತುಳಿದಾಗ ಆ ಕೊಕ್ಕರೆಗಳು ಒಂದರ ಹಿಂದೊಂದು ಸುತ್ತು ಬರುವುದನ್ನು ಸವಾರ ನೋಡಲಾರ. ಅದು ರಸ್ತೆಯ ಬದಿಯಲ್ಲಿ ನಿಂತವರಿಗೆಂದೇ ಮಾಡಿದ ಅಲಂಕಾರ. ಕಪ್ಪು ಎನಾಮಲ್ ಬಣ್ಣವನ್ನು ಕುಲುಮೆಯಲ್ಲಿ ಬೇಯಿಸಿ ಗಟ್ಟಿ ಮಾಡಿ, ಅದರ ಮೇಲೆ ತೆಳ್ಳನೆಯ ಕುಂಚದಿಂದ ಬಂಗಾರದ ಗೆರೆ ಎಳೆಯುತ್ತಿದ್ದರು. ಎಳೆಯುವವರದೇ ಒಂದು ಕಸುಬು. ಅಳತೆಪಟ್ಟಿ ಇಲ್ಲದೆ, ಕೊಳವೆಯ ಉದ್ದಕ್ಕೂ ಒಂದೇ ಉಸಿರಿನಲ್ಲಿ ಎಳೆದ ಗೆರೆ. ಎಪ್ಪತ್ತು ವರ್ಷದ ಬಿಸಿಲು ಮಳೆ ಕಂಡ ಒಂದು ಮಡ್‌ಗಾರ್ಡಿನ ಮೇಲೆ ಆ ಗೆರೆಯ ಒಂದು ಗೇಣು ಇನ್ನೂ ಉಳಿದಿತ್ತು. ನಾನು ಅಲ್ಲಿಂದ ಬೇಗ ಕದಲಲಿಲ್ಲ.

ರ‍್ಯಾಲಿ ಎಂಬ ಹೆಸರು ಬಂದದ್ದು ನಾಟಿಂಗ್‌ಹ್ಯಾಮ್‌ನ ರ‍್ಯಾಲಿ ಬೀದಿಯಿಂದ. ಆ ಬೀದಿಯ ಒಂದು ಸಣ್ಣ ಕಾರ್ಖಾನೆಯ ಸೈಕಲ್ಲು ಓಡಿಸಿ ಆರೋಗ್ಯ ಸುಧಾರಿಸಿಕೊಂಡ ಫ್ರಾಂಕ್ ಬೋಡೆನ್ ಎಂಬ ಸಿರಿವಂತ, ಕಾರ್ಖಾನೆಯನ್ನೇ ಕೊಂಡು 1888ರಲ್ಲಿ ಕಂಪನಿ ಕಟ್ಟಿದ. ಅದೇ ವರ್ಷ ಬೆಲ್‌ಫಾಸ್ಟ್‌ನಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಎಂಬ ಪಶುವೈದ್ಯ ತನ್ನ ಮಗನ ಮೂರು ಚಕ್ರದ ಗಾಡಿಗೆ ಗಾಳಿ ತುಂಬಿದ ಟೈರು ಮಾಡಿ ಪೇಟೆಂಟ್ ಪಡೆದ. ಅದಕ್ಕೂ ಮೂರು ವರ್ಷ ಮೊದಲು, 1885ರಲ್ಲಿ, ಕೊವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ಎರಡೂ ಚಕ್ರ ಹೆಚ್ಚುಕಡಿಮೆ ಸಮವಾಗಿರುವ, ಚೈನಿನಿಂದ ಹಿಂದಿನ ಚಕ್ರ ತಿರುಗಿಸುವ ರೋವರ್ ಸೈಕಲ್ಲನ್ನು ಪೇಟೆಗೆ ಬಿಟ್ಟಿದ್ದ. ನಾವು ಇಂದು ಸೈಕಲ್ಲು ಎಂದು ಕರೆಯುವುದರ ಆಕಾರ ಈ ಮೂರು ನಾಲ್ಕು ವರ್ಷಗಳಲ್ಲೇ ನಿಂತುಬಿಟ್ಟಿತು. ಮುಂದೆ ಈ ಕಂಪನಿಗಳು ಒಂದನ್ನೊಂದು ನುಂಗಿದವು. ಹಂಬರ್, ರಡ್ಜ್, ಟ್ರಯಂಫ್, ಬಿಎಸ್‌ಎ ಎಲ್ಲವೂ ಒಂದೊಂದಾಗಿ ರ‍್ಯಾಲಿಯ ಕೈಗೆ ಬಂದವು. 1960ರಲ್ಲಿ ರ‍್ಯಾಲಿಯೂ ಹರ್ಕ್ಯುಲಸ್, ಫಿಲಿಪ್ಸ್‌ಗಳನ್ನು ಮೊದಲೇ ಹೊಂದಿದ್ದ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಸಮೂಹಕ್ಕೆ ಸೇರಿತು. ನಮ್ಮ ಹಿರಿಯರು ಕಟ್ಟೆಯ ಮೇಲೆ ಕೂತು ಹರ್ಕ್ಯುಲಸ್ ಮೇಲೋ ರ‍್ಯಾಲಿ ಮೇಲೋ ಎಂದು ಗಂಟೆಗಟ್ಟಲೆ ವಾದ ಮಾಡುತ್ತಿದ್ದಾಗ ಅಲ್ಲಿ ಎರಡೂ ಒಂದೇ ಸೂರಿನ ಕೆಳಗೆ ಬಂದಿದ್ದವು.

ಪ್ರದರ್ಶನದಲ್ಲಿ ಬಹುಮಾನವೂ ಇತ್ತು. ತೀರ್ಪುಗಾರರು ಕೈಯಲ್ಲಿ ಹಾಳೆ ಹಿಡಿದು ಒಂದೊಂದೇ ಸೈಕಲ್ಲಿನ ಮುಂದೆ ನಿಂತು ಅಂಕ ಹಾಕುತ್ತಿದ್ದರು. ಬಣ್ಣ ಕಂಪನಿಯದೇ? ಸೀಟು ಬ್ರೂಕ್ಸ್‌ನದೇ? ಪೆಡಲ್ಲು, ಹಿಡಿ, ಬೆಲ್ಲು, ಪಂಪು ಆ ಕಾಲದವೇ? ಎಲ್ಲಕ್ಕೂ ‘ಓರಿಜಿನಲ್’ ಎಂಬ ಒಂದೇ ಮಾನದಂಡ. ಗೆದ್ದ ಸೈಕಲ್ಲು ನಿಜಕ್ಕೂ ಸುಂದರವಾಗಿತ್ತು. ಕಪ್ಪು ಬಣ್ಣ ಕನ್ನಡಿಯಂತೆ ಹೊಳೆಯುತ್ತಿತ್ತು, ಲ್ಯೂಕಸ್ ದೀಪದ ಗಾಜು ಒಡೆದಿರಲಿಲ್ಲ, ಚೈನ್ ಕೇಸಿನೊಳಗೆ ಎಣ್ಣೆಯ ಹನಿ ಕೂಡ ಹೊಸದು. ಅದನ್ನು ಆ ಸ್ಥಿತಿಗೆ ತರಲು ಮಾಲೀಕರು ಪಟ್ಟ ಶ್ರಮ ದೊಡ್ಡದು, ಅವರಿಗೆ ಸಂದ ಗೌರವ ನ್ಯಾಯವೇ.

ಆದರೂ ನನ್ನ ಕಾಲು ಮತ್ತೆ ಮತ್ತೆ ಎಳೆದುಕೊಂಡು ಹೋದದ್ದು ಸಾಲಿನ ಕೊನೆಗಿದ್ದ, ಅಂಕ ಹೆಚ್ಚು ಸಿಗದ ಒಂದು ಹರ್ಕ್ಯುಲಸ್ ಕಡೆಗೆ. ಊರ ಹೊರಗಿನಿಂದ ಪೇಟೆಗೆ ಹಾಲು ಹಾಕುತ್ತಿದ್ದ ಗೌಳಿ ಮನೆತನದ ಸೈಕಲ್ಲು ಅದು. ಅಪ್ಪ ತುಳಿದದ್ದು, ಆಮೇಲೆ ಮಗ ತುಳಿದದ್ದು. ಕ್ಯಾರಿಯರ್ ಕಂಪನಿಯದಲ್ಲ. ಹಾಲಿನ ಕ್ಯಾನುಗಳ ಕಿವಿ ಸಿಕ್ಕಿಸಲು ಎರಡೂ ಬದಿಗೆ ಕಬ್ಬಿಣದ ಕೊಕ್ಕೆ ಬೆಸೆದಿದ್ದರು. ಹಿಂದಿನ ಇರುಸಿನಿಂದ ಸೀಟಿನ ತನಕ ಹೆಚ್ಚಿನ ಒಂದು ಜೊತೆ ಸರಳು. ಅದು ಕಂಪನಿಯ ನಕ್ಷೆಯಲ್ಲಿಲ್ಲ, ನಮ್ಮ ಮಿಸ್ತ್ರಿಗಳ ಬುದ್ಧಿ. ಫ್ರೇಮಿನ ನಡುಗೊಳವೆ ಒಮ್ಮೆ ಬಿರಿದಿತ್ತು. ಅಲ್ಲಿ ಹಿತ್ತಾಳೆ ಕರಗಿಸಿ ಬೆಸುಗೆ ಹಾಕಿದ ಗುರುತು ಉಂಗುರದಂತೆ ಉಬ್ಬಿತ್ತು. ಮುಂದಿನ ಚಕ್ರ ಲೂಧಿಯಾನದ್ದು, ಹಿಂದಿನದು ಹಳೆಯದೇ, ಪೆಡಲ್ಲುಗಳಲ್ಲಿ ಎಡದ್ದು ಒಂದು ಕಂಪನಿಯದು, ಬಲದ್ದು ಇನ್ನೊಂದರದ್ದು. ಕ್ಯಾನು ತಾಗಿ ತಾಗಿ ಹಿಂದಿನ ಮಡ್‌ಗಾರ್ಡಿನ ಬಣ್ಣ ಹೋಗಿ ಉಕ್ಕು ಬೆಳ್ಳಗೆ ಸವೆದಿತ್ತು.

ಈ ಸೈಕಲ್ಲಿಗೆ ಓರಿಜಿನಲ್ ಎಂಬ ಅಂಕ ಸಿಗದು, ನಿಜ. ಅದು ಕಂಪನಿ ಬಿಟ್ಟಾಗ ಇದ್ದ ಸೈಕಲ್ಲಲ್ಲ. ಆದರೆ ಸೈಕಲ್ಲಿನ ಇತಿಹಾಸ ಎಂದರೆ ಕಾರ್ಖಾನೆಯ ಬಾಗಿಲು ದಾಟಿದ ದಿನಕ್ಕೇ ಮುಗಿಯುವಂಥದ್ದೇ? ಬರ್ಮಿಂಗ್‌ಹ್ಯಾಮ್‌ನ ಕಾರ್ಖಾನೆಯಲ್ಲಿ ಅದರ ಮೇಲೆ ಆದ ಕೆಲಸ ಕೆಲವು ದಿನಗಳದ್ದು. ಧಾರವಾಡದಲ್ಲಿ ಅದರ ಮೇಲೆ ಆದ ಕೆಲಸ ಅರ್ಧ ಶತಮಾನದ್ದು. ಮೊದಲನೆಯದಕ್ಕೆ ಇಪ್ಪತ್ತು ಅಂಕ, ಎರಡನೆಯದಕ್ಕೆ ಸೊನ್ನೆ ಎಂದರೆ ನನಗೆ ಒಪ್ಪಿಗೆಯಾಗದು. ಬಣ್ಣ ಬಳಿದು, ಕೊಕ್ಕೆ ಕತ್ತರಿಸಿ, ಬೆಸುಗೆಯ ಗುರುತನ್ನು ಅರದಿಂದ ಉಜ್ಜಿ ತೆಗೆದರೆ ಆ ಹರ್ಕ್ಯುಲಸ್‌ಗೂ ಹೆಚ್ಚು ಅಂಕ ಬರುತ್ತಿತ್ತೇನೋ. ಆಗ ಹಾಲಿನ ಮೂರು ದಶಕದ ಗುರುತು ಅದರ ಮೈಮೇಲೆ ಎಲ್ಲಿರುತ್ತಿತ್ತು?

ಆ ಸೈಕಲ್ಲಿನ ಹಿಂದಿನ ಚಕ್ರವನ್ನು ಮಿಸ್ತ್ರಿ ಕೈಯಿಂದ ತಿರುಗಿಸಿ ತೋರಿಸಿದರು. “ಎಣಸ್ರಿ,” ಎಂದರು. ನಲವತ್ತು ಕಡ್ಡಿ. ಮುಂದಿನದಕ್ಕೆ ಮೂವತ್ತೆರಡು. ಇಂಗ್ಲೆಂಡಿನ ರೋಡ್‌ಸ್ಟರ್ ಸೈಕಲ್ಲುಗಳ ಕ್ರಮ ಅದು, ನಮ್ಮ ದೇಶದ ಕಾರ್ಖಾನೆಗಳೂ ಅದನ್ನೇ ಉಳಿಸಿಕೊಂಡವು. ಸವಾರನ ಭಾರ ಹೆಚ್ಚಾಗಿ ಬೀಳುವುದು ಹಿಂದಿನ ಚಕ್ರದ ಮೇಲೆ. ಕ್ಯಾರಿಯರಿನ ಹೇರೂ ಅದರ ಮೇಲೆ. ಚೈನು ಎಳೆಯುವುದೂ ಅದನ್ನೇ. ಹಾಗಾಗಿ ಅದಕ್ಕೆ ಎಂಟು ಕಡ್ಡಿ ಹೆಚ್ಚು. ಆ ಎಂಟರ ಮೇಲೆ ನಮ್ಮ ನಾಡಿನ ಹಾಲು, ಮೇವು, ಗ್ಯಾಸಿನ ಸಿಲಿಂಡರು, ಕಾಯಿಪಲ್ಲೆಯ ಗೋಣಿಚೀಲ, ಹಿಂದೆ ಹೆಂಡತಿ, ಮುಂದೆ ಬಾರಿನ ಮೇಲೆ ಮಗು ಎಲ್ಲ ಕೂತು ಓಡಾಡಿವೆ.

ಕಡ್ಡಿ ಕಟ್ಟುವುದನ್ನು ಎಲ್ಲರೂ ನೋಡಬೇಕು ಎಂಬುದು ನನ್ನ ಆಸೆ. ಕಡ್ಡಿ ತೆಳುವಾದ ತಂತಿ. ಮೇಲಿಂದ ಒತ್ತಿದರೆ ಬಾಗುತ್ತದೆ, ಎಳೆದರೆ ಮಾತ್ರ ಬಲ ತೋರುತ್ತದೆ. ಅದಕ್ಕೇ ಚಕ್ರದ ಎಲ್ಲ ಕಡ್ಡಿಗಳೂ ಸದಾ ಬಿಗಿಯಾಗಿ ಎಳೆದುಕೊಂಡೇ ಇರಬೇಕು. ನೇರವಾಗಿ ನಡುವಿನಿಂದ ಅಂಚಿಗೆ ಹೋಗುವಂತೆಯೂ ಇಲ್ಲ. ಪ್ರತಿ ಕಡ್ಡಿ ಓರೆಯಾಗಿ ಹೊರಟು, ಎದುರಿನಿಂದ ಬರುವ ಮೂರ್ನಾಲ್ಕು ಕಡ್ಡಿಗಳನ್ನು ದಾಟಿ ರಿಮ್ಮಿಗೆ ಸೇರಬೇಕು. ಹಾಗಿದ್ದರೆ ಮಾತ್ರ ಪೆಡಲ್ ತುಳಿದ ಬಲ ಹಬ್ಬಿನಿಂದ ರಿಮ್ಮಿಗೆ ಹೋಗುತ್ತದೆ. ಮಿಸ್ತ್ರಿ ಬರಿಯ ಹಬ್ ಒಂದನ್ನು ತೊಡೆಯ ಮೇಲಿಟ್ಟುಕೊಂಡು ಕಡ್ಡಿಗಳನ್ನು ಒಂದು ಮೇಲಿಂದ, ಒಂದು ಕೆಳಗಿಂದ ಪೋಣಿಸಿದರು. ಪೋಣಿಸಿದ ಮೇಲೆ ಅದು ಕೈಕಾಲು ಬಿಟ್ಟ ಏಡಿಯಂತೆ ಎಲ್ಲೆಲ್ಲೋ ಚಾಚಿಕೊಂಡಿತ್ತು. ರಿಮ್ಮಿನೊಳಗಿಟ್ಟು ಒಂದೊಂದೇ ನಿಪ್ಪಲ್ ತಿರುಗಿಸುತ್ತ ಹೋದಂತೆ ಎಲ್ಲ ತಮ್ಮ ತಮ್ಮ ಜಾಗಕ್ಕೆ ಬಂದವು. ಆಮೇಲೆ ಬೆಂಡು ತೆಗೆಯುವ ಕೆಲಸ. ಚಕ್ರವನ್ನು ಫೋರ್ಕಿಗೆ ಸಿಕ್ಕಿಸಿ ತಿರುಗಿಸಿ, ಹೆಬ್ಬೆರಳನ್ನು ರಿಮ್ಮಿನ ಅಂಚಿಗೆ ಹತ್ತಿಯೂ ಹತ್ತದಂತೆ ಹಿಡಿದರು. ಅಂಚು ಬೆರಳಿಗೆ ತಾಗಿದ ಕಡೆ ಒಂದು ಕಡ್ಡಿ ಬಿಗಿ, ಎದುರಿನದು ಸಡಿಲ. ಮತ್ತೆ ತಿರುಗಿಸು, ಮತ್ತೆ ತಾಗಿಸು. ಕೊನೆಗೆ ಕಡ್ಡಿಗಳನ್ನು ಬೆರಳಿನಿಂದ ಮೀಟಿ ಸದ್ದು ಕೇಳಿದರು. ಹೆಚ್ಚು ಕೆಳಗಿನ ಸ್ವರ ಬಂದದ್ದು ಸಡಿಲ ಕಡ್ಡಿ. “ಕಣ್ಣಿಗಿಂತ ಕಿವಿ ಖರೇ ಹೇಳ್ತದ್ರಿ,” ಎಂದರು. ಅವರ ಬಲಗೈ ಹೆಬ್ಬೆರಳಿನ ಉಗುರಿನ ಪಕ್ಕ, ರಿಮ್ಮು ತಾಗಿ ತಾಗಿ, ಚರ್ಮ ಜಡ್ಡುಗಟ್ಟಿ ಒಂದು ಗೆರೆಯಾಗಿತ್ತು.

ಇನ್ನುಳಿದ ವಸ್ತುಗಳ ಮುಂದೆಯೂ ಜನ ಗುಂಪುಗಟ್ಟಿದ್ದರು. ಕಾರ್ಬೈಡ್ ದೀಪದ ಮುಂದೆ ಎಲ್ಲಕ್ಕಿಂತ ಹೆಚ್ಚು. ಕೆಳಗಿನ ಡಬ್ಬಿಯಲ್ಲಿ ಕ್ಯಾಲ್ಸಿಯಂ ಕಾರ್ಬೈಡ್ ತುಂಡು, ಮೇಲಿನ ಡಬ್ಬಿಯಲ್ಲಿ ನೀರು. ಹನಿ ಹನಿ ಬಿದ್ದಂತೆ ಅಸಿಟಿಲಿನ್ ಗ್ಯಾಸು ಹುಟ್ಟಿ ಉರಿಯುತ್ತದೆ. ಅದರ ವಾಸನೆ ಮೂಗಿಗೆ ಬಡಿದ ಕೂಡಲೇ ಹಿರಿಯರ ಮುಖ ಅರಳಿತು, ಮಕ್ಕಳು ಮೂಗು ಮುಚ್ಚಿಕೊಂಡರು. ರಾತ್ರಿ ದೀಪವಿಲ್ಲದೆ ಸೈಕಲ್ಲು ಓಡಿಸಿದರೆ ಪೊಲೀಸರು ಗಾಳಿ ಬಿಟ್ಟು ಕಳಿಸುತ್ತಿದ್ದ ಕಾಲ, ಡಬಲ್ ಸವಾರಿಗೆ ದಂಡ ಹಾಕುತ್ತಿದ್ದ ಕಾಲ, ಮುನ್ಸಿಪಾಲ್ಟಿಗೆ ತೆರಿಗೆ ಕಟ್ಟಿ ಬಿಲ್ಲೆ ತಂದು ಸೈಕಲ್ಲಿಗೆ ಕಟ್ಟಿಕೊಳ್ಳಬೇಕಿದ್ದ ಕಾಲ. ಇದೆಲ್ಲ ಆ ವಾಸನೆಯ ಜತೆಗೇ ಮಾತಿಗೆ ಬಂತು. ಆಮೇಲೆ ಬಂದ ಡೈನಮೋಗಳದೂ ಒಂದು ಸಾಲಿತ್ತು. ಟೈರಿಗೆ ಒತ್ತಿಕೊಂಡು ಗುಂಯ್ ಎನ್ನುತ್ತ ಕಾಲಿನ ಬಲವನ್ನು ಕದಿಯುತ್ತಿದ್ದವು ಅವು.

ಬ್ರೂಕ್ಸ್ ಸೀಟಿನ ಬಗ್ಗೆ ಎರಡು ಮಾತು. 1866ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಕುದುರೆಯ ಚರ್ಮದ ಸಾಮಾನು ಮಾಡಲು ಶುರುವಾದ ಕಂಪನಿ ಅದು. ದಪ್ಪ ಚರ್ಮದ ಒಂದೇ ತುಂಡನ್ನು ಉಕ್ಕಿನ ಚೌಕಟ್ಟಿಗೆ ತಾಮ್ರದ ಮೊಳೆಯಿಂದ ಬಿಗಿದಿರುತ್ತದೆ, ಕೆಳಗೆ ಮೆತ್ತೆ ಇಲ್ಲ. ಹೊಸದರಲ್ಲಿ ಕಲ್ಲಿನಂತೆ ಗಟ್ಟಿ. ವರ್ಷಗಟ್ಟಲೆ ಕೂತಂತೆ ಸವಾರನ ಮೈಯ ಆಕಾರಕ್ಕೆ ಇಳಿಯುತ್ತದೆ. ಸಡಿಲವಾದರೆ ಮೂತಿಯ ಕೆಳಗಿನ ನಟ್ಟನ್ನು ಬಿಗಿ ಮಾಡಬೇಕು. ಹಾಗಾಗಿ ಹಳೆಯ ಬ್ರೂಕ್ಸ್ ಸೀಟು ಬೇರೆಯವರಿಗೆ ಹಿತವಾಗದು. ಮೈದಾನದಲ್ಲಿದ್ದ ಒಂದರ ಎಡಭಾಗ ಬಲಕ್ಕಿಂತ ಆಳಕ್ಕೆ ಇಳಿದಿತ್ತು. ಅದನ್ನು ತುಳಿದವರ ಒಂದು ಕಾಲು ಸ್ವಲ್ಪ ಗಿಡ್ಡವಿತ್ತು ಎಂದು ಮೊಮ್ಮಗಳು ಹೇಳಿದಳು. ಅವಳು ಅಜ್ಜನನ್ನು ಕಂಡವಳಲ್ಲ.

ಬಾರಿಲ್ಲದ ಲೇಡೀಸ್ ಸೈಕಲ್ಲುಗಳು ತೀರ ಕಡಿಮೆ ಇದ್ದವು. ಹಿಂದಿನ ಚಕ್ರಕ್ಕೆ ಸೀರೆ ಸಿಕ್ಕದಂತೆ ದಾರದ ಬಲೆ ಕಟ್ಟಿದ ಒಂದು ಸೈಕಲ್ಲು ಸರ್ಕಾರಿ ಆಸ್ಪತ್ರೆಯ ನರ್ಸ್ ಒಬ್ಬರದು. ಹೆರಿಗೆಯ ಕರೆ ಬಂದರೆ ರಾತ್ರಿಯೂ ಅದರ ಮೇಲೇ ಹೋಗುತ್ತಿದ್ದರಂತೆ. ಕಡಿಮೆ ಇದ್ದದ್ದಕ್ಕೆ ಕಾರಣ ಸ್ಪಷ್ಟ. ಆ ಕಾಲದಲ್ಲಿ ಸೈಕಲ್ಲು ಮನೆಯ ಗಂಡಸಿನ ಸೊತ್ತು. ಹುಡುಗಿಯರ ಕೈಗೆ ಸೈಕಲ್ಲು ದೊಡ್ಡ ಸಂಖ್ಯೆಯಲ್ಲಿ ಬಂದದ್ದು ನಮ್ಮ ರಾಜ್ಯದಲ್ಲಿ 2006-07ರಿಂದ, ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ಲು ಕೊಡತೊಡಗಿದ ಮೇಲೆ. ಆ ಸೈಕಲ್ಲುಗಳಲ್ಲಿ ಒಂದನ್ನಾದರೂ ಇಂಥ ಪ್ರದರ್ಶನಗಳಲ್ಲಿ ಈಗಲೇ ಇಡಬೇಕು. ಹಳ್ಳಿಯ ಹುಡುಗಿಯೊಬ್ಬಳು ಹೈಸ್ಕೂಲು ಮುಗಿಸುವಂತೆ ಮಾಡಿದ ಸೈಕಲ್ಲು ನಾಟಿಂಗ್‌ಹ್ಯಾಮ್‌ನಿಂದ ಬಂದ ಸೈಕಲ್ಲಿಗಿಂತ ಕಡಿಮೆ ಇತಿಹಾಸದ್ದಲ್ಲ.

ದೇಶದ ಸೈಕಲ್ಲುಗಳಿಗೆ ಮೈದಾನದಲ್ಲಿ ಸಿಕ್ಕದ್ದು ಮೂಲೆಯ ಜಾಗ, ಅದೂ ನನಗೆ ಸರಿ ಕಾಣಲಿಲ್ಲ. ಸ್ವಾತಂತ್ರ್ಯದ ನಂತರ ಹೊರಗಿನ ಸೈಕಲ್ಲುಗಳ ಆಮದು ಕಡಿಮೆಯಾಗಿ, ಇಲ್ಲಿಯೇ ಕಾರ್ಖಾನೆಗಳು ಎದ್ದವು. 1949ರಲ್ಲಿ ಮದರಾಸಿನಲ್ಲಿ ಟಿಐ ಸೈಕಲ್ಸ್, ಬಂಗಾಳದ ಅಸನ್ಸೋಲ್‌ನಲ್ಲಿ ಸೆನ್ ರ‍್ಯಾಲಿ, 1951ರಲ್ಲಿ ಸೋನಿಪತ್‌ನಲ್ಲಿ ಅಟ್ಲಾಸ್, 1956ರಲ್ಲಿ ಲೂಧಿಯಾನದಲ್ಲಿ ಹೀರೋ. ಅದಕ್ಕೂ ಮೊದಲೇ ಮುಂಬಯಿಯ ವರಳಿಯಲ್ಲಿ ಹಿಂದ್ ಸೈಕಲ್ಸ್ ಇತ್ತು. ಸೈಕಲ್ಲು ಸಾಮಾನ್ಯರ ಮನೆಯ ಅಂಗಳಕ್ಕೆ ಬಂದದ್ದು ಇವುಗಳಿಂದ. ಪೋಸ್ಟ್‌ಮನ್ ತುಳಿದದ್ದು ಇವನ್ನು, ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನ ಭೋಂಗಾ ಕೂಗಿದಾಗ ಗೇಟಿನಿಂದ ಪ್ರವಾಹದಂತೆ ಹೊರಬರುತ್ತಿದ್ದ ಕೆಲಸಗಾರರು ತುಳಿದದ್ದು ಇವನ್ನು. ಅಟ್ಲಾಸ್ ಕಂಪನಿ ಸಾಹಿಬಾಬಾದ್‌ನ ತನ್ನ ಕಾರ್ಖಾನೆಯ ಕೆಲಸ ನಿಲ್ಲಿಸಿದ್ದು 2020ರ ಜೂನ್ 3ರಂದು. ಆ ದಿನ ವಿಶ್ವ ಸೈಕಲ್ ದಿನ. ಮೈದಾನದ ಮೂಲೆಯಲ್ಲಿ ನಿಂತಿದ್ದ ಅಟ್ಲಾಸ್‌ನ ಬಿಲ್ಲೆಯಲ್ಲಿ ಭೂಗೋಳ ಹೊತ್ತ ಆ ಮನುಷ್ಯ ಬಣ್ಣ ಮಾಸಿದ್ದರೂ ಬೆನ್ನು ಬಗ್ಗಿಸಿಕೊಂಡು ಹೊತ್ತೇ ಇದ್ದ. ಇವುಗಳಿಗೂ ಈಗ ಎಪ್ಪತ್ತರ ಹತ್ತಿರ. ಇನ್ನೂ ಎಷ್ಟು ಹಳೆಯದಾದರೆ ಇವುಗಳನ್ನು ಸಾಲಿನ ನಡುವೆ ನಿಲ್ಲಿಸುತ್ತಾರೆ?

ಮಧ್ಯಾಹ್ನ ಊಟವಾದ ಮೇಲೆ ಒಬ್ಬ ಹಿರಿಯರು ಮೈಕ್ ಹಿಡಿದರು. ತರುಣರಾಗಿದ್ದಾಗ ಹಳ್ಳಿಹಳ್ಳಿಗೆ ಹೋಗಿ ನಾನ್‌ಸ್ಟಾಪ್ ಸೈಕಲ್ ತುಳಿಯುತ್ತಿದ್ದವರು. ಊರ ನಡುವಿನ ಬಯಲಲ್ಲಿ ಕಂಬ ನೆಟ್ಟು, ಟ್ಯೂಬ್‌ಲೈಟ್ ಕಟ್ಟಿ, ಧ್ವನಿವರ್ಧಕದಲ್ಲಿ ಹಾಡು ಹಚ್ಚಿ, ಕೆಳಗೆ ಕಾಲಿಡದೆ ಹಗಲು ರಾತ್ರಿ ಸುತ್ತುವ ಆಟ. ಸ್ನಾನ ಸೈಕಲ್ಲಿನ ಮೇಲೆ, ಊಟ ಸೈಕಲ್ಲಿನ ಮೇಲೆ, ಅಂಗಿ ಬದಲಿಸುವುದೂ ಸೈಕಲ್ಲಿನ ಮೇಲೆ. ನಿದ್ದೆ ಹೇಗೆ ಎಂದು ಯಾರೋ ಕೇಳಿದರು. “ನಸುಕಿನ್ಯಾಗ ಒಂದೀಟು ಕಣ್ಣು ಹತ್ತೂದು. ಆದ್ರ ಕಾಲು ಮಲಗ್ತಿದ್ದಿಲ್ಲ,” ಎಂದರು. ಊರಿನ ಹೆಣ್ಣುಮಕ್ಕಳು ರೊಟ್ಟಿ ಬುತ್ತಿ ತಂದು ಕೊಡುತ್ತಿದ್ದದ್ದನ್ನು, ಕೊನೆಯ ದಿನ ಗೌಡರು ಶಾಲು ಹೊದಿಸಿ ಕೆಳಗಿಳಿಸುತ್ತಿದ್ದದ್ದನ್ನು ಹೇಳುವಾಗ ಅವರ ಧ್ವನಿ ತುಂಬಿ ಬಂತು. ಸೈಕಲ್ಲನ್ನು ಮೆಚ್ಚುವ ಜನರೇ ಇದ್ದ ಆ ಮೈದಾನದಲ್ಲಿ ಅವರ ಸೈಕಲ್ಲು ಮಾತ್ರ ಇರಲಿಲ್ಲ. ಕಷ್ಟ ಬಂದಾಗ ಮಾರಿದರಂತೆ. ವಿಜಯಪುರ, ಬಾಗಲಕೋಟೆ ಕಡೆಯ ಹಳ್ಳಿಗಳಿಂದ ರಾಷ್ಟ್ರಮಟ್ಟದ ಸೈಕ್ಲಿಂಗ್ ಪಟುಗಳು ಸಾಲು ಸಾಲಾಗಿ ಬಂದಿದ್ದಾರೆ. ಹಳ್ಳಿಯ ಹುಡುಗರು ಸೈಕಲ್ಲನ್ನು ಸಾಹಸದ ವಸ್ತುವಾಗಿ ಕಣ್ಣರಳಿಸಿ ನೋಡಿದ್ದು ಮೊದಲು ಇಂಥ ಆಟಗಾರರಲ್ಲೇ ಎಂದು ನನ್ನ ನಂಬಿಕೆ.

ಪುಣೆಯಲ್ಲಿ ವಿಕ್ರಮ್ ಪೇಂಡ್ಸೆ ಅವರು ತಮ್ಮ ಸಂಗ್ರಹವನ್ನು 2017ರಲ್ಲಿ ಸೈಕಲ್ಲಿನ ವಸ್ತುಸಂಗ್ರಹಾಲಯವಾಗಿ ಜನರಿಗೆ ತೆರೆದರು. ನಮ್ಮಲ್ಲೂ ಅಂಥದ್ದೊಂದು ಆಗಬೇಕು ಎಂದು ಮೈದಾನದಲ್ಲಿ ಹಲವರು ಹೇಳಿದರು. ಆಗಲಿ. ಆದರೆ ಅದರಲ್ಲಿ ಹೊಳೆಯುವ ಸೈಕಲ್ಲುಗಳ ಜತೆಗೆ ಒಂದು ಸೈಕಲ್ ಅಂಗಡಿಯೂ ಇರಬೇಕು. ಪಂಕ್ಚರ್ ಹುಡುಕುವ ನೀರಿನ ಬುಟ್ಟಿ, ಕಾಲಿಂದ ಒತ್ತಿ ಹಿಡಿಯುವ ಗಾಳಿ ಪಂಪು, ವಾಲ್ ಟ್ಯೂಬಿನ ತುಂಡುಗಳು ತುಂಬಿದ ತಂಬಾಕಿನ ಡಬ್ಬಿ, ಗಂಟೆಗೆ ಇಷ್ಟೆಂದು ಬಾಡಿಗೆ ಬರೆದ ಕೆಂಪು ಹಲಗೆ, ಹುಡುಗರು ಒಳಪೆಡ್ಲು ಹೊಡೆದು ಕಲಿತ ಗಿಡ್ಡ ಸೈಕಲ್ಲು, ಖಂಡೆಪೂಜೆಗೆ ಹಚ್ಚಿದ ಕುಂಕುಮದ ಕಲೆ ಉಳಿದ ಗೋಡೆ. ಎಲ್ಲಕ್ಕಿಂತ ಹೆಚ್ಚಾಗಿ ಮಿಸ್ತ್ರಿಗಳ ಮಾತನ್ನು ಅವರಿರುವಾಗಲೇ ಬರೆದಿಡಬೇಕು, ಅವರ ಕೈಯ ಕೆಲಸವನ್ನು ಚಿತ್ರೀಕರಿಸಬೇಕು. ಸ್ಟರ್ಮಿ ಆರ್ಚರ್ ಹಬ್ ಬಿಚ್ಚಿ ಮತ್ತೆ ಕೂಡಿಸಬಲ್ಲ ಕೈಗಳು ಈ ಜಿಲ್ಲೆಯಲ್ಲಿ ಎಷ್ಟು ಉಳಿದಿವೆ ಎಂದು ಆ ಹಿರಿಯ ಮಿಸ್ತ್ರಿಯನ್ನೇ ಕೇಳಿದೆ. ಅವರು ಬೆರಳು ಮಡಚಿ ಎಣಿಸತೊಡಗಿದರು, ಎರಡನೆಯ ಬೆರಳಿಗೆ ಬಂದು ಅವನೂ ಅಂಗಡಿ ಮುಚ್ಚಿದ ಎಂದರು.

ಸಂಜೆಯಾಗುತ್ತಿದ್ದಂತೆ ಮೈದಾನದ ಗೇಟಿನ ಬಳಿ ಗೋಣಿತಟ್ಟಿನ ಮೇಲೆ ಹಳೆಯ ಬಿಡಿಭಾಗಗಳ ವ್ಯಾಪಾರ ಜೋರಾಯಿತು. ಕಾಟರ್ ಪಿನ್ನು, ಕಪ್ಪು, ಕೋನು, ತುಕ್ಕು ಹ‌ತ್ತಿದ ಬೆಲ್ಲಿನ ಬಟ್ಟಲು, ರಾಡ್ ಬ್ರೇಕಿನ ಕೊಂಡಿ. ಎಂಜಿನಿಯರಿಂಗ್ ಓದುವ ಹುಡುಗನೊಬ್ಬ ಅಜ್ಜನ ಫಿಲಿಪ್ಸ್ ತಂದಿದ್ದ. ಅದರ ಎಡ ಪೆಡಲ್ಲು ಬಿಚ್ಚಲು ಸ್ಪ್ಯಾನರ್ ಹಾಕಿ ಎರಡೂ ಕೈಯಿಂದ ಎಳೆಯುತ್ತಿದ್ದ. ಅದು ಜಪ್ಪಯ್ಯ ಅನ್ನಲಿಲ್ಲ. ಮಿಸ್ತ್ರಿ ದೂರದಿಂದಲೇ ಕೂಗಿದರು.

“ತಮ್ಮಾ, ಎಡಗಡೆದ್ದು ಉಲ್ಟಾ ಥ್ರೆಡ್ಡಪ. ನೀ ಬಿಚ್ಚಾಕತ್ತಿಲ್ಲ, ಬಿಗಿ ಮಾಡಾಕತ್ತೀ.”

ಎಡ ಪೆಡಲ್ಲಿಗೆ ಮಾಮೂಲಿ ಥ್ರೆಡ್ ಹಾಕಿದರೆ ತುಳಿಯುತ್ತ ತುಳಿಯುತ್ತ ಅದು ತಾನಾಗಿ ಬಿಚ್ಚಿಕೊಳ್ಳುತ್ತದೆ, ಅದಕ್ಕೆ ಉಲ್ಟಾ. ಹುಡುಗ ಸ್ಪ್ಯಾನರನ್ನು ಆಚೆ ಬದಿಗೆ ತಿರುಗಿಸಿ ಹಾಕಿ ಒತ್ತಿದ. ಕಿರ್ ಎಂದು ಬಿಟ್ಟುಕೊಂಡಿತು. ಹಿಂದಿನ ಚಕ್ರ ಅಲುಗುತ್ತದೆ, ಅದನ್ನೂ ನೋಡುತ್ತೀರಾ ಎಂದು ಕೇಳಿದ.

ಮಿಸ್ತ್ರಿ ಬಂದು ಚಕ್ರ ಎತ್ತಿ ತಿರುಗಿಸಿ, ಎರಡು ಕಡೆ ಕಡ್ಡಿ ಮೀಟಿದರು. “ನಾಕು ಕಡ್ಡಿ ಹೋಗ್ಯಾವ. ಸೋಮವಾರ ಅಂಗಡಿ ಬಂದ್ ಇರ್ತದ, ಮಂಗಳವಾರ ಚಕ್ರ ಬಿಚ್ಚಿಕೊಂಡು ಬಾ. ಬರೇ ಚಕ್ರ ತಂದ್ರ ಸಾಕು, ಸೈಕಲ್ ಬ್ಯಾಡ.”

“ಎಷ್ಟ ಆಗ್ತದ್ರಿ ಅಜ್ಜಾರ?”

“ಕಡ್ಡಿ ರೊಕ್ಕ ಕೊಡು. ಕಟ್ಟೂದು ನೀನ ಕಟ್ಟು, ನಾ ಬಾಜೂಕ ಕುಂದರ್ತೀನಿ.”